ಮೊದಲ ವರ್ಷದ ಅನ್ನ ಮತ್ತು ಸಂಜೆ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಿಂದ ಕಾಲೇಜು ಸೇರಿದವರ ಚರಿತ್ರೆಯ ಕೆಲವು ಎಳೆಗಳು

ಮೈಸೂರು ಸಂಸ್ಥಾನದ ಉನ್ನತ ಶಿಕ್ಷಣದ ಚರಿತ್ರೆಯನ್ನು ನಿರೂಪಿಸುವ ಗ್ರಂಥಗಳಲ್ಲಿ ಸಂಸ್ಥೆಗಳ ಸ್ಥಾಪನೆ, ಕಟ್ಟಡಗಳ ಶಂಕುಸ್ಥಾಪನೆ, ದಿವಾನರ ಹಾಗೂ ಕುಲಪತಿಗಳ ಅಧಿಕಾರಾವಧಿ ಮೊದಲಾದ ವಿವರಗಳು ವಿಪುಲವಾಗಿ ದೊರೆಯುತ್ತವೆ. ವಿದ್ಯಾರ್ಥಿಯು ಅಲ್ಲಿ ಕಾಣಿಸಿಕೊಳ್ಳುವುದು ದಾಖಲಾತಿಯ ಒಂದು ಸಂಖ್ಯೆಯಾಗಿ, ಇಲ್ಲವೇ ಪದವಿ ಪಡೆದವರ ಪಟ್ಟಿಯ ಒಂದು ಹೆಸರಾಗಿ. ಇವೆರಡರ ನಡುವಣ ಅವಧಿಯನ್ನು, ಅಂದರೆ ಊರು ಬಿಟ್ಟು ಬಂದ ಹುಡುಗನು ಕಾಲೇಜಿನ ಮೊದಲ ವರ್ಷವನ್ನು ದಾಟಿದ ಬಗೆಯನ್ನು, ನಮ್ಮ ಚರಿತ್ರೆಕಾರರು ಪ್ರತ್ಯೇಕವಾಗಿ ಪರಿಶೀಲಿಸಿರುವುದು ವಿರಳ. ಅವನಿಗೆ ಅನ್ನವಿಕ್ಕಿದವರು ಯಾರು, ಪಾಠದ ಭಾಷೆಯನ್ನು ಬಿಡಿಸಿ ಹೇಳಿದವರು ಯಾರು, ದಾಟಲಾರದೆ ಹಿಂದಿರುಗಿದವರ ಗತಿ ಏನಾಯಿತು ಎಂಬ ಪ್ರಶ್ನೆಗಳು ಸಣ್ಣವೆಂದು ತೋರಬಹುದು. ಆದರೆ ಒಂದು ವಿಶ್ವವಿದ್ಯಾನಿಲಯವು ಯಾರ ಸ್ವತ್ತಾಗಿತ್ತು ಎಂಬುದನ್ನು ತಿಳಿಯಲು ಅದರ ಘಟಿಕೋತ್ಸವ ಭಾಷಣಗಳಿಗಿಂತ ಈ ಸಣ್ಣ ಪ್ರಶ್ನೆಗಳೇ ಹೆಚ್ಚು ನೆರವಾಗುತ್ತವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ಪ್ರಬಂಧದ ವ್ಯಾಪ್ತಿಯನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಸೀಮಿತಗೊಳಿಸಲಾಗಿದೆ. ನೋಟಕ್ಕೆ ಒಂದು ನಿಲುಗಡೆ ಬೇಕೆಂಬ ಕಾರಣದಿಂದ ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ರಾವಂದೂರನ್ನು ಆರಿಸಿಕೊಳ್ಳಲಾಗಿದೆ. ತಾಲ್ಲೂಕು ಕೇಂದ್ರವೂ ಅಲ್ಲದ, ಪುಟ್ಟ ಹಳ್ಳಿಯೂ ಅಲ್ಲದ ಇಂತಹ ಊರುಗಳಿಂದಲೇ ಕಳೆದ ನೂರು ವರ್ಷಗಳಲ್ಲಿ ಮೈಸೂರಿನ ಕಾಲೇಜುಗಳಿಗೆ ಮೊದಲ ತಲೆಮಾರಿನ ಓದುಗರು ಬಂದರು. ಜಿಲ್ಲಾ ಕೇಂದ್ರಕ್ಕೂ ಪಿರಿಯಾಪಟ್ಟಣಕ್ಕೂ ನಡುವಿನ ಅಂತರ ಸುಮಾರು 70 ಕಿಲೋಮೀಟರು. ಹಿಂದೆ ಎಡತೊರೆ ತಾಲ್ಲೂಕೆನಿಸಿದ್ದ ಕೃಷ್ಣರಾಜನಗರಕ್ಕೆ ಮೈಸೂರು-ಅರಸೀಕೆರೆ ರೈಲುಮಾರ್ಗದ ಅನುಕೂಲವಿದ್ದಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ಇಂದಿಗೂ ರೈಲು ತಲಪಿಲ್ಲ. ಈ ಒಂದು ವ್ಯತ್ಯಾಸದ ಪರಿಣಾಮ ಸ್ಪಷ್ಟ. ರೈಲುನಿಲ್ದಾಣದ ಸಮೀಪದವನು ಮನೆಯಲ್ಲಿ ಉಂಡು ಓದಿಗೆ ಹೋಗಿಬರುವ ಸಾಧ್ಯತೆಯನ್ನಾದರೂ ಯೋಚಿಸಬಹುದಾಗಿತ್ತು. ರಾವಂದೂರಿನವನು ಓದಬೇಕಾದರೆ ಊರನ್ನು ಬಿಡಲೇಬೇಕಾಗಿತ್ತು. ಊರು ಬಿಟ್ಟವನಿಗೆ ಮೊದಲ ಪ್ರಶ್ನೆ ಪಠ್ಯದ್ದಲ್ಲ, ಊಟದ್ದು.

ಮೂರನೆಯ ಕೃಷ್ಣರಾಜ ಒಡೆಯರು 1833ರಲ್ಲಿ ಆರಂಭಿಸಿದ ರಾಜಾ ಫ್ರೀ ಸ್ಕೂಲು ಬೆಳೆದು ಮಹಾರಾಜಾ ಕಾಲೇಜಾದ ಸಂಗತಿ ಸುವಿದಿತ. ಇಂದಿನ ಕಟ್ಟಡಕ್ಕೆ 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ನೆರವೇರಿಸಿದನು. ಪರೀಕ್ಷೆಗಳು ಮಾತ್ರ 1916ರವರೆಗೂ ಮದ್ರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಈ ಅವಧಿಯಲ್ಲಿ ಹೊರಊರುಗಳಿಂದ ಬಂದ ಬಡ ವಿದ್ಯಾರ್ಥಿಗೆ ಆಧಾರವಾಗಿದ್ದುದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಊಟಮಾಡುವ ಈ ಪದ್ಧತಿಯನ್ನು ದಾನವೆಂದು ಮಾತ್ರ ಬಣ್ಣಿಸಿದರೆ ಅದರ ಸ್ವರೂಪ ಪೂರ್ಣವಾಗಿ ತಿಳಿಯುವುದಿಲ್ಲ. ಊಟ ಕೊಡುವ ಮನೆಯು ಹುಡುಗನ ನಡತೆಯನ್ನು ನೋಡುತ್ತಿತ್ತು, ಪರೀಕ್ಷೆಯ ಫಲಿತಾಂಶವನ್ನು ಕೇಳುತ್ತಿತ್ತು, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಿತ್ತು. ಗೊತ್ತಾದ ಹೊತ್ತಿಗೆ ಹೋಗದಿದ್ದರೆ ಅಂದಿನ ಊಟ ತಪ್ಪುತ್ತಿತ್ತು. ಮನೆಯಲ್ಲಿ ಮೈಲಿಗೆ ಬಂದರೆ ಆ ವಾರ ಉಪವಾಸ. ಹೊಸ ಪಟ್ಟಣದಲ್ಲಿ ಏಳು ಮನೆಗಳ ಬಾಗಿಲು ತೆರೆದಿದ್ದುದು ಎಷ್ಟು ದೊಡ್ಡ ಆಸರೆಯೋ, ಏಳು ಮನೆಗಳ ಮುಂದೆ ತಲೆತಗ್ಗಿಸಿ ನಿಲ್ಲುವುದೂ ಅಷ್ಟೇ ದೊಡ್ಡ ಭಾರವಾಗಿತ್ತೆಂಬುದು ಆ ತಲೆಮಾರಿನವರ ಬರಹಗಳಿಂದ ವ್ಯಕ್ತವಾಗುತ್ತದೆ. ಎಸ್. ಎಲ್. ಭೈರಪ್ಪನವರ ಆತ್ಮವೃತ್ತಾಂತ ‘ಭಿತ್ತಿ’ಯನ್ನು ಓದಿದವರಿಗೆ ಮೈಸೂರಿನ ವಿದ್ಯಾರ್ಥಿ ಜೀವನದಲ್ಲಿ ಹಸಿವಿನ ಪಾತ್ರವೇನೆಂಬುದನ್ನು ವಿವರಿಸಬೇಕಾಗಿಲ್ಲ.

ವಾರಾನ್ನದ ಮಿತಿಯೂ ಅಷ್ಟೇ ಸ್ಪಷ್ಟ. ಪಂಕ್ತಿಯಲ್ಲಿ ಕೂರಲು ಜಾತಿಯ ಅರ್ಹತೆ ಬೇಕಾಗಿತ್ತು. ಒಕ್ಕಲು ಮನೆತನದ, ಕುರುಬರ, ಉಪ್ಪಾರರ, ಹೊಲೆಮಾದಿಗರ ಮಕ್ಕಳಿಗೆ ಅಗ್ರಹಾರದ ಬಾಗಿಲುಗಳು ತೆರೆದಿರಲಿಲ್ಲ. ಅವರು ಮೈಸೂರಿಗೆ ಬರುವುದಾದರೆ ನೆಂಟರ ಮನೆಯ ಜಗಲಿ, ಪರಿಚಿತರ ಮಂಡಿ, ಇಲ್ಲವೇ ತಾವೇ ಒಲೆ ಹಚ್ಚಿ ಮುದ್ದೆ ಬೇಯಿಸಿಕೊಳ್ಳುವ ಬಾಡಿಗೆ ಕೋಣೆಯೇ ಗತಿಯಾಗಿತ್ತು.

ಈ ಸಂದರ್ಭದಲ್ಲಿ ಎಂ. ವೆಂಕಟಕೃಷ್ಣಯ್ಯನವರನ್ನು ಸ್ಮರಿಸುವುದು ಅವಶ್ಯಕ. ತಾತಯ್ಯನೆಂದೇ ಪ್ರಸಿದ್ಧರಾದ ಇವರು (1844-1933) ನಮ್ಮ ವ್ಯಾಪ್ತಿಗೆ ಸೇರಿದ ಹೆಗ್ಗಡದೇವನಕೋಟೆ ಸೀಮೆಯ ಮಗ್ಗೆ ಗ್ರಾಮದವರು. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿ, ಪತ್ರಿಕಾಕರ್ತರಾಗಿ, ಪ್ರಜಾಪ್ರತಿನಿಧಿ ಸಭೆಯ ಹಿರಿಯ ಧ್ವನಿಯಾಗಿ ಅವರು ಗಳಿಸಿದ ಕೀರ್ತಿ ದೊಡ್ಡದು. ಆದರೆ ಮೈಸೂರಿನಲ್ಲಿ ಅನಾಥಾಲಯವನ್ನು ಕಟ್ಟಿ, ದಿಕ್ಕಿಲ್ಲದ ವಿದ್ಯಾರ್ಥಿಗಳನ್ನು ಒಂದೇ ಸೂರಿನಡಿ ಇರಿಸಿ ಅನ್ನ ಹಾಕಿದ ಕಾರ್ಯವೇ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಮನೆಮನೆಯ ಕರುಣೆಯಾಗಿದ್ದ ನೆರವು ಇಲ್ಲಿ ಸಂಸ್ಥೆಯ ರೂಪವನ್ನು ಪಡೆಯಿತು. ಕಾಡಂಚಿನ ತಾಲ್ಲೂಕಿನಿಂದ ಬಂದು ಪಟ್ಟಣದಲ್ಲಿ ನೆಲೆ ಕಂಡುಕೊಂಡವರೊಬ್ಬರು ಮುಂದೆ ಬರುವವರಿಗೆ ನೆಲೆಯನ್ನು ಮಾಡಿಟ್ಟರೆಂಬುದು ಆಕಸ್ಮಿಕವೆಂದು ತೋರುವುದಿಲ್ಲ.

20ನೇ ಶತಮಾನದ ಆದಿಯಲ್ಲಿ ಸಮುದಾಯಗಳ ಸಂಘಟನೆಗಳು ಈ ಕ್ಷೇತ್ರವನ್ನು ಪ್ರವೇಶಿಸಿದವು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯೂ 1906ರಲ್ಲಿ ಒಕ್ಕಲಿಗರ ಸಂಘವೂ ರೂಪುಗೊಂಡವು. ಇವುಗಳ ರಾಜಕೀಯ ಪ್ರಭಾವದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಹಳ್ಳಿಯ ತಂದೆಯೊಬ್ಬನ ಕಣ್ಣಿನಲ್ಲಿ ಸಂಘವೆಂದರೆ ಹಾಸ್ಟೆಲು. ಮಗನನ್ನು ಮೈಸೂರಿಗೆ ಕಳುಹಿಸುವ ಧೈರ್ಯವನ್ನು ಅವನಿಗೆ ಕೊಟ್ಟಿದ್ದು ಸಂಘದ ಠರಾವುಗಳಲ್ಲ, ಅಲ್ಲಿ ತನ್ನವರು ನಡೆಸುವ ಒಂದು ಅಡುಗೆಮನೆ ಇದೆಯೆಂಬ ನಂಬಿಕೆ. ಸರ್ಕಾರವೂ ಹಿಂದೆ ಬೀಳಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯನ್ನು ನಾವು ಇಂದು ನೌಕರಿಯ ಮೀಸಲಾತಿಯ ಸಂಬಂಧದಲ್ಲಿ ಮಾತ್ರ ನೆನೆಯುತ್ತೇವೆ. ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿಶೇಷ ಶೈಕ್ಷಣಿಕ ಸೌಲಭ್ಯಗಳನ್ನು ಕಲ್ಪಿಸಬೇಕೆಂಬುದೂ ಅದರ ಆಲೋಚನೆಯ ಭಾಗವಾಗಿತ್ತೆಂಬುದನ್ನು ಮರೆಯಬಾರದು. ಪದವೀಧರರೇ ಇಲ್ಲದ ಸಮುದಾಯಕ್ಕೆ ಹುದ್ದೆಯನ್ನು ಕಾಯ್ದಿರಿಸಿ ಪ್ರಯೋಜನವೇನು?

ಇಷ್ಟು ಅನ್ನ ಮತ್ತು ಆಸರೆಯ ವಿಚಾರ. ಇನ್ನು ವಿಶ್ವವಿದ್ಯಾನಿಲಯವು ಈ ಮೊದಲ ವರ್ಷವನ್ನು ಹೇಗೆ ಕಂಡಿತೆಂಬುದನ್ನು ಪರಿಶೀಲಿಸಬಹುದು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಾಗ ಅದರ ರೂವಾರಿಗಳು ಒಂದು ದಿಟ್ಟ ಮಾರ್ಪಾಡನ್ನು ಕೈಗೊಂಡರು. ಮದ್ರಾಸಿನ ಮಾದರಿಯಲ್ಲಿ ಎರಡು ವರ್ಷಗಳ ಇಂಟರ್ಮೀಡಿಯೆಟ್, ಅನಂತರ ಎರಡು ವರ್ಷಗಳ ಬಿ.ಎ. ಎಂದಿದ್ದ ಕ್ರಮವನ್ನು ಬಿಟ್ಟು, ಕಾಲೇಜಿನ ಮೊದಲ ವರ್ಷವನ್ನು ಪ್ರೌಢಶಾಲೆಗೆ ಇಳಿಸಿದರು. ಆಯ್ದ ಪ್ರೌಢಶಾಲೆಗಳು ‘ಕಾಲೇಜಿಯೆಟ್ ಹೈಸ್ಕೂಲು’ಗಳಾದವು. ಅಲ್ಲಿ ‘ಯೂನಿವರ್ಸಿಟಿ ಎಂಟ್ರೆನ್ಸ್’ ಎಂಬ ಒಂದು ವರ್ಷದ ತರಗತಿ. ಅದರಲ್ಲಿ ತೇರ್ಗಡೆಯಾದವರಿಗೆ ಮೂರು ವರ್ಷಗಳ ಪದವಿ. ಕಾಲೇಜಿಗೆ ಸಿದ್ಧನಾಗದವನನ್ನು ಕಾಲೇಜಿನಲ್ಲಿ ಕೂರಿಸಿ ಸೋಲಿಸುವ ಬದಲು, ಅವನಿಗೆ ಪರಿಚಿತವಾದ ಶಾಲೆಯ ವಾತಾವರಣದಲ್ಲಿಯೇ ಒಂದು ವರ್ಷ ತಯಾರು ಮಾಡಬೇಕೆಂಬ ಉದ್ದೇಶವು ಈ ಯೋಜನೆಯಲ್ಲಿ ಅಡಗಿತ್ತೆಂದು ಭಾವಿಸಬಹುದು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಸುಧಾರಣೆಗಾಗಿ ನೇಮಕವಾದ ಸ್ಯಾಡ್ಲರ್ ಆಯೋಗವು (1917-19) ಇಂಟರ್ಮೀಡಿಯೆಟ್ ಶಿಕ್ಷಣವನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಿ ಮೂರು ವರ್ಷಗಳ ಪದವಿಯನ್ನು ಶಿಫಾರಸು ಮಾಡುವುದಕ್ಕೆ ಮುನ್ನವೇ ಮೈಸೂರು ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತ್ತು.

ಯೋಜನೆ ಒಳ್ಳೆಯದಿದ್ದರೂ ಅದು ನೆಲದ ಮೇಲೆ ನಿಂತದ್ದು ಪಟ್ಟಣಗಳಲ್ಲಿ. ಕಾಲೇಜಿಯೆಟ್ ಹೈಸ್ಕೂಲಿದ್ದ ಊರಿನ ಹುಡುಗನಿಗೆ ಎಂಟ್ರೆನ್ಸ್ ತರಗತಿ ತನ್ನದೇ ಶಾಲೆಯ ಮುಂದುವರಿಕೆ. ಪಿರಿಯಾಪಟ್ಟಣದ ಕಡೆಯ ಹುಡುಗನಿಗೆ ಅದು ಊರು ಬಿಡುವ ಗಳಿಗೆಯನ್ನು ಒಂದು ವರ್ಷ ಮುಂಚಿತವಾಗಿ ತಂದೊಡ್ಡುವ ವ್ಯವಸ್ಥೆಯಾಯಿತು. ಸೇತುವೆ ಕಟ್ಟಿದ್ದು ಹೊಳೆಯ ಆಚೆ ದಡದಲ್ಲಿ.

ಆ ತರಗತಿಯು ಪಟ್ಟಣದವರಿಗೂ ಸುಲಭವಾಗಿರಲಿಲ್ಲ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಮೈಸೂರಿನ ಮಹಾರಾಜಾ ಕಾಲೇಜಿಯೆಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗನೇ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ಒಂದು ವರ್ಷ ಮನೆಯಲ್ಲಿ ಕುಳಿತು ಮನಬಂದುದನ್ನು ಓದಿಕೊಂಡು, 1926ರಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜು ಸೇರಿದ. ಮೂರು ವರ್ಷಗಳ ಬಿ.ಎ.ಗೆ ಅವನು ತೆಗೆದುಕೊಂಡದ್ದು ನಾಲ್ಕು ವರ್ಷ. ಆತ ಮುಂದೆ ಆರ್. ಕೆ. ನಾರಾಯಣ್ ಎಂಬ ಹೆಸರಿನಿಂದ ಇಂಗ್ಲಿಷ್ ಕಾದಂಬರಿಕಾರರಾಗಿ ವಿಶ್ವಖ್ಯಾತಿ ಪಡೆದರು. ಮನೆಯಲ್ಲಿ ಪುಸ್ತಕಗಳಿದ್ದವು, ತಂದೆಯ ಶಾಲೆಯ ಗ್ರಂಥಾಲಯವಿತ್ತು, ಎರಡು ಹೊತ್ತಿನ ಊಟಕ್ಕೆ ಚಿಂತೆಯಿರಲಿಲ್ಲ. ಆದ್ದರಿಂದ ಸೋತ ವರ್ಷವೂ ಓದಿನ ವರ್ಷವಾಯಿತು. ಅದೇ ಪರೀಕ್ಷೆಯಲ್ಲಿ ಸೋತ ರೈತನ ಮಗನಿಗೆ ಆ ಒಂದು ವರ್ಷ ಹಾಸ್ಟೆಲಿನ ಜಾಗವನ್ನೂ ವಿದ್ಯಾರ್ಥಿವೇತನವನ್ನೂ ಕಳೆಯಬಲ್ಲ ವರ್ಷ. ಅವನು ನೇಗಿಲಿನ ಮೇಣಿಗೆ ಹಿಂದಿರುಗುತ್ತಿದ್ದ. ಆತ್ಮಕಥೆಗಳನ್ನು ಬರೆದವರೆಲ್ಲ ದಾಟಿ ಬಂದವರೇ ಆಗಿರುವುದರಿಂದ, ಅವುಗಳನ್ನೇ ಆಕರವಾಗಿ ಇಟ್ಟುಕೊಂಡು ಬರೆಯುವ ಚರಿತ್ರೆಯು ಕಷ್ಟವನ್ನು ಗೆಲುವಿನ ಪೀಠಿಕೆಯಾಗಿ ತೋರಿಸುವ ಅಪಾಯವಿದೆ. ಸಂಶೋಧಕರು ಈ ಎಚ್ಚರವನ್ನು ಕಾಯ್ದುಕೊಳ್ಳುವುದು ಅಗತ್ಯ.

ಇದೇ ದಶಕದಲ್ಲಿ ಮಲೆನಾಡಿನ ಕುಪ್ಪಳಿಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಮೈಸೂರಿಗೆ ಬಂದು, ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿ ಮಹಾರಾಜಾ ಕಾಲೇಜು ಸೇರಿದ ಕೆ. ವಿ. ಪುಟ್ಟಪ್ಪನವರು 1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ. ಪದವಿ ಪಡೆದರು. ‘ನೆನಪಿನ ದೋಣಿಯಲ್ಲಿ’ ಎಂಬ ಅವರ ಆತ್ಮಕಥೆಯು ಹಳ್ಳಿಯ ಹುಡುಗನೊಬ್ಬನು ಪಟ್ಟಣದ ವಿದ್ಯೆಗೆ ಒಗ್ಗಿಕೊಂಡ ಬಗೆಗೆ ಕನ್ನಡದಲ್ಲಿರುವ ಅತ್ಯಂತ ವಿಸ್ತಾರವಾದ ದಾಖಲೆ. ಅವರಿಗೆ ಕೊನೆಗೆ ನೆಲೆಯಾಗಿ ಒದಗಿದ್ದು ಶ್ರೀರಾಮಕೃಷ್ಣಾಶ್ರಮ, ಸ್ವಾಮಿ ಸಿದ್ಧೇಶ್ವರಾನಂದರ ಆರೈಕೆ. ತರಗತಿಯ ಪಾಠ ಮುಗಿದ ಮೇಲೆ ಉಳಿಯುವ ಹೊತ್ತನ್ನು ಯಾರೊಡನೆ ಕಳೆದರೆಂಬುದೇ ಅವರ ಕಾಲೇಜು ವರ್ಷಗಳ ಸ್ವರೂಪವನ್ನು ನಿರ್ಧರಿಸಿತು. ಈ ಅಂಶಕ್ಕೆ ಮುಂದೆ ಮತ್ತೆ ಬರಬೇಕಾಗಿದೆ.

ಎಂಟ್ರೆನ್ಸ್ ಯೋಜನೆಯು ಸುಮಾರು ಒಂದು ದಶಕ ನಡೆದು ನಿಂತಿತು. ಮತ್ತೆ ಇಂಟರ್ಮೀಡಿಯೆಟ್ ಬಂದಿತು. ಇಂದಿನ ಯುವರಾಜಾ ಕಾಲೇಜು 1928ರಲ್ಲಿ ಇಂಟರ್ಮೀಡಿಯೆಟ್ ಕಾಲೇಜಾಗಿಯೇ ಹುಟ್ಟಿಕೊಂಡಿತು. 1950ರ ದಶಕದ ಉತ್ತರಾರ್ಧದಲ್ಲಿ ಇಂಟರ್ಮೀಡಿಯೆಟ್ ಹೋಗಿ ಒಂದು ವರ್ಷದ ಪಿ.ಯು.ಸಿ. ಹಾಗೂ ಮೂರು ವರ್ಷದ ಪದವಿ, 1970ರ ದಶಕದ ಆದಿಯಿಂದ ಎರಡು ವರ್ಷಗಳ ಪಿ.ಯು.ಸಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನುಸಾರ ನಾಲ್ಕು ವರ್ಷಗಳ ಪದವಿಯ ಕ್ರಮವನ್ನು ಕರ್ನಾಟಕವು ಮೊದಲಿಗೆ ಅಳವಡಿಸಿಕೊಂಡು, 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಒಂದು ಶತಮಾನದ ಈ ಏರಿಳಿತಗಳನ್ನು ಒಟ್ಟಾಗಿ ನೋಡಿದಾಗ, ಶಾಲೆಗೂ ಕಾಲೇಜಿಗೂ ನಡುವಿನ ಆ ಒಂದು ವರ್ಷವನ್ನು ಎಲ್ಲಿ ಇಡಬೇಕೆಂಬುದು ಇತ್ಯರ್ಥವಾಗದ ವ್ಯಾಜ್ಯವಾಗಿಯೇ ಉಳಿಯಿತೆಂದು ಹೇಳಬೇಕಾಗುತ್ತದೆ. ಹೊಲದ ಬದು ಅತ್ತ ಇತ್ತ ಸರಿಯಿತು. ಉಳುವವನಿಗೆ ಸಿಕ್ಕ ನೆಲ ಅಷ್ಟೇ.

ಬದುವಿಗಿಂತ ದೊಡ್ಡ ಅಡ್ಡಿ ಭಾಷೆಯದಾಗಿತ್ತು. ಕನ್ನಡದಲ್ಲಿ ಕಲಿತು ಬಂದ ವಿದ್ಯಾರ್ಥಿಯು ಕಾಲೇಜಿನ ಮೊದಲ ದಿನದಿಂದಲೇ ಚರಿತ್ರೆ, ತರ್ಕಶಾಸ್ತ್ರ, ರಸಾಯನಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗಿತ್ತು. ವಿಷಯ ತಿಳಿಯಲಿಲ್ಲವೋ ಭಾಷೆ ತಿಳಿಯಲಿಲ್ಲವೋ ಎಂಬುದು ಅವನಿಗೂ ಸ್ಪಷ್ಟವಿರಲಿಲ್ಲ, ಮೇಷ್ಟರಿಗೂ ಸ್ಪಷ್ಟವಿರಲಿಲ್ಲ. ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು ವಿದ್ವತ್ತಿನ ಮಹತ್ಸಾಧನೆಯೆಂದು ಪರಿಗಣಿತವಾಗಿದೆ. ಅದನ್ನು ಮೊದಲ ವರ್ಷದ ವಿದ್ಯಾರ್ಥಿಯ ಊರುಗೋಲೆಂದೂ ಪರಿಗಣಿಸಬೇಕೆಂಬುದು ನನ್ನ ಸೂಚನೆ. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕಾಲೇಜಿನ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ಅವಕಾಶ ಕಲ್ಪಿಸಲು ಹಟತೊಟ್ಟದ್ದು ಸ್ವಾನುಭವದ ಹಿನ್ನೆಲೆಯಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ, 1969ರಲ್ಲಿ ಕುಲಪತಿಗಳಾದ ದೇ. ಜವರೇಗೌಡರ ಕಾಲದ ಪಠ್ಯಪುಸ್ತಕ ಪ್ರಕಟಣೆ ಇವು ಆ ದಾರಿಯನ್ನು ಮುಂದುವರಿಸಿದವು. ಕಲಾ ವಿಭಾಗದಲ್ಲಿ ಇದರ ಫಲ ಗಣನೀಯ. ವಿಜ್ಞಾನದಲ್ಲಿ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಉಳಿದುದರಿಂದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಪಿ.ಯು.ಸಿ.ಯ ಮೊದಲ ತಿಂಗಳುಗಳು ಈಗಲೂ ಕಡಿದಾದ ಏರಿಯೇ ಆಗಿವೆ.

ಹಾಗಾದರೆ ಈ ಏರಿಯನ್ನು ಹತ್ತಿದವರು ಯಾರ ಕೈಹಿಡಿದು ಹತ್ತಿದರು? ಇಲ್ಲಿ ನಾವು ಹಾಸ್ಟೆಲಿಗೆ ಮರಳಬೇಕು. ಅನ್ನ ಹಾಕುವ ಮನೆಯೆಂದು ಆರಂಭವಾದ ಹಾಸ್ಟೆಲು ಕಾಲಕ್ರಮದಲ್ಲಿ ಇನ್ನೊಂದು ಕೆಲಸವನ್ನು ಯಾರೂ ಹೇಳದೆ ಕೈಗೆತ್ತಿಕೊಂಡಿತು. ಹಿಂದಿನ ವರ್ಷ ಅದೇ ಪಾಠದಲ್ಲಿ ಎಡವಿದ್ದ ಹಿರಿಯ ವಿದ್ಯಾರ್ಥಿಯು ಈ ವರ್ಷ ಬಂದವನಿಗೆ ರಾತ್ರಿ ಊಟವಾದ ಮೇಲೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನು ಎರವಲು ತರಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ತಹಶೀಲ್ದಾರರ ಸಹಿ ಯಾವಾಗ ಬೇಕು, ಕಚೇರಿಯ ಗುಮಾಸ್ತರನ್ನು ಹೇಗೆ ಮಾತನಾಡಿಸಬೇಕು ಎಂಬ, ಯಾವ ಕೈಪಿಡಿಯೂ ತಿಳಿಸದ ವಿದ್ಯೆ ಅಲ್ಲಿ ಹಸ್ತಾಂತರವಾಗುತ್ತಿತ್ತು. ಅಣ್ಣನ ನೋಟ್ಸು ತಮ್ಮನಿಗೆ ಬರುತ್ತಿತ್ತು. ಊರಿನಿಂದ ಬಂದ ಹುರಿಹಿಟ್ಟಿನ ಡಬ್ಬಿ ಕೋಣೆಯವರಿಗೆಲ್ಲ ಸೇರಿದ್ದು. ಪಶ್ಚಿಮ ತಾಲ್ಲೂಕುಗಳ ಹುಡುಗರು ಮೊದಲ ವರ್ಷವನ್ನು ದಾಟಿದ್ದರೆ ಅದಕ್ಕೆ ಹಾಸ್ಟೆಲಿನ ಈ ಸಂಜೆಗಳ ಕೊಡುಗೆ ಪಠ್ಯಕ್ರಮದ ಸುಧಾರಣೆಗಳಿಗಿಂತ ಕಡಿಮೆಯದಲ್ಲ, ಹೆಚ್ಚಿನದೆಂದೇ ನಾನು ಭಾವಿಸುತ್ತೇನೆ.

ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಆರಂಭಿಸಿದ ಉಚಿತ ವಿದ್ಯಾರ್ಥಿನಿಲಯವೇ ಮುಂದೆ 1954ರಲ್ಲಿ ರೂಪುಗೊಂಡ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಬೇರು. ಮಕ್ಕಳ ಊಟಕ್ಕೆ ತತ್ವಾರವಾದಾಗ ಸ್ವಾಮಿಗಳು ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂಬ ವಿಷಯ ಮೈಸೂರು ಸೀಮೆಯಲ್ಲಿ ಮನೆಮಾತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ 1944ರಲ್ಲಿ ಜಾರಿಗೊಳಿಸಿತು. ಅದರೊಡನೆ ಸರ್ಕಾರಿ ವಿದ್ಯಾರ್ಥಿನಿಲಯಗಳೂ ಸೇರಿ, ಸಂಘ ಮಠಗಳ ಆಶ್ರಯವಿಲ್ಲದವರಿಗೂ ಮೈಸೂರಿನ ಬಾಗಿಲು ತೆರೆಯಿತು. ಈ ನಿಲಯಗಳ ಸಂಜೆಗಳಲ್ಲಿ ಪಾಠದ ಜೊತೆಗೆ ಬೇರೆ ಮಾತುಗಳೂ ಹುಟ್ಟಿದವು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತಿನ ತರುವಾಯ ದಲಿತ ವಿದ್ಯಾರ್ಥಿಗಳೂ ಅವರ ಹಾಸ್ಟೆಲುಗಳೂ ಹಲ್ಲೆಗೆ ಗುರಿಯಾದುದು, ಆ ಪೆಟ್ಟಿನಿಂದಲೇ ದಲಿತ ಚಳವಳಿ ಗಟ್ಟಿಗೊಂಡುದು ಸಮಕಾಲೀನ ಚರಿತ್ರೆಯ ಭಾಗ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬೆಂಗಳೂರಿನ ಹಾಸ್ಟೆಲು ಜೀವನದ ಪುಟಗಳು ನಗೆಯ ಲೇಪವಿದ್ದರೂ ಇದೇ ಚರಿತ್ರೆಯ ಇನ್ನೊಂದು ಮುಖ. ಹೊಸದಾಗಿ ಬಂದವನಿಗೆ ಹಾಸ್ಟೆಲು ಆಸರೆಯಾಗಿತ್ತು, ಗುರುತೂ ಆಗಿತ್ತು. ಗುರುತಾದ್ದರಿಂದಲೇ ಕಲ್ಲು ಬೀಳುವ ಜಾಗವೂ ಆಗಿತ್ತು.

ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿದ್ದು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪದವಿ ಪಡೆದು, ಊರಿಗೆ ಮರಳಿ ಬೇಸಾಯ ಹಿಡಿದು, 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದವರು. ಒಂದು ಸಮುದಾಯದ ಮಕ್ಕಳಿಗೆಂದೇ ಇದ್ದ ಬೋರ್ಡಿಂಗ್ ಶಾಲೆಯ ಲಾಭವೇನೆಂದು ಅವರು ಒಳಗಿನಿಂದ ಬಲ್ಲವರಾಗಿದ್ದರು. 1972ರಲ್ಲಿ ಮುಖ್ಯಮಂತ್ರಿಗಳಾದ ಅವರು ಅದೇ ವರ್ಷ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ ಬಂದಿತು. ತರುವಾಯ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯೂ ‘ಬಿ.ಸಿ.ಎಂ. ಹಾಸ್ಟೆಲು’ ಎಂದು ಹಳ್ಳಿಗಳಲ್ಲಿ ಹೆಸರಾದ ವಿದ್ಯಾರ್ಥಿನಿಲಯಗಳ ಜಾಲವೂ ಬೆಳೆದುವು. ಸಂಘ ಕಟ್ಟಲಾರದಷ್ಟು ಚಿಕ್ಕ, ಮಠವಿಲ್ಲದಷ್ಟು ಬಡ ಸಮುದಾಯಗಳ ಮಕ್ಕಳಿಗೆ ಇದು ಮೊದಲ ಸೂರು.

ಈ ಸೂರಿನ ಹೊರಗೆ ಉಳಿದವರು ಯಾರೆಂಬುದನ್ನೂ ಹೇಳಬೇಕು. ಹೆಗ್ಗಡದೇವನಕೋಟೆ, ಹುಣಸೂರು ಕಾಡುಗಳ ಜೇನುಕುರುಬ, ಕಾಡುಕುರುಬ ಮಕ್ಕಳಿಗೆ ಕಾಲೇಜಿನ ಮೊದಲ ವರ್ಷಕ್ಕಿಂತ ಬಹಳ ಹಿಂದೆಯೇ ದಾರಿ ತುಂಡಾಗುತ್ತಿತ್ತು. ಕಬಿನಿ ಜಲಾಶಯ ಮತ್ತು ನಾಗರಹೊಳೆ ಅರಣ್ಯದ ಕಾರಣದಿಂದ ನೆಲೆ ತಪ್ಪಿದ ಕುಟುಂಬಗಳಿಗೆ ಶಾಲೆಯೇ ದೂರದ ಮಾತು. 1984ರಲ್ಲಿ ಸ್ಥಾಪಿತವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ನಡೆಸುತ್ತ ಬಂದಿರುವ ಗಿರಿಜನ ವಸತಿ ಶಾಲೆಯಂತಹ ಪ್ರಯತ್ನಗಳಿಂದ ಅಲ್ಲಿಯ ಕೆಲವರು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ.

ಇನ್ನೊಂದು ದೊಡ್ಡ ಗುಂಪು ಹೆಣ್ಣುಮಕ್ಕಳದು. ಮೇಲೆ ಹೇಳಿದ ವಾರಾನ್ನ, ಅನಾಥಾಲಯ, ಸಂಘದ ಹಾಸ್ಟೆಲು, ಹಿರಿಯ ವಿದ್ಯಾರ್ಥಿಯ ರಾತ್ರಿಪಾಠ ಇವೆಲ್ಲವೂ ಬಹುತೇಕ ಗಂಡುಮಕ್ಕಳ ಚರಿತ್ರೆ. 1881ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರು ತೆರೆದ ಬಾಲಕಿಯರ ಶಾಲೆಯು ಮಹಾರಾಣಿ ಕಾಲೇಜಾಗಿ ಬೆಳೆದರೂ ಅದರ ವಿದ್ಯಾರ್ಥಿನಿಯರು ಬಹುಕಾಲ ಮೈಸೂರು ನಗರದ ಮನೆಗಳವರೇ. ಹೋಬಳಿಯ ಹುಡುಗಿಯನ್ನು ದೂರದ ಹಾಸ್ಟೆಲಿಗೆ ಬಿಡಲು ಮನೆಯವರು ಒಪ್ಪುತ್ತಿರಲಿಲ್ಲ. ಅವಳು ಕಾಲೇಜಿಗೆ ಬಂದಿದ್ದು ಕಾಲೇಜು ಅವಳ ಬಳಿಗೆ ಬಂದ ಮೇಲೆ. ತಾಲ್ಲೂಕು ಕೇಂದ್ರಗಳಲ್ಲಿ ಪದವಿಪೂರ್ವ ಕಾಲೇಜುಗಳೂ ಅನಂತರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಆರಂಭವಾದುವು. ಹುಣಸೂರಿನ ಕಾಲೇಜು ಅರಸರ ಹೆಸರನ್ನೇ ಹೊತ್ತಿದೆ. 2007ರ ಆಸುಪಾಸಿನಲ್ಲಿ ರಾಜ್ಯದಾದ್ಯಂತ ಇಂತಹ ಕಾಲೇಜುಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆರೆಯಲಾಯಿತು. ಇವುಗಳಲ್ಲಿ ಅನೇಕ ಕಡೆ ವಿದ್ಯಾರ್ಥಿನಿಯರೇ ಅಧಿಕ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯು ಸರ್ಕಾರಿ ಬಸ್ಸಿನ ಪ್ರಯಾಣವನ್ನು ಮಹಿಳೆಯರಿಗೆ ಉಚಿತಗೊಳಿಸಿದ್ದರಿಂದ ಅವರ ಓಡಾಟದ ವೆಚ್ಚವೂ ತಪ್ಪಿತು.

ಆದರೆ ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಕಾಲೇಜು ಸಮೀಪವಾದಂತೆ ಹಾಸ್ಟೆಲಿನ ಸಂಜೆ ಇಲ್ಲವಾಯಿತು. ಬೆಳಗಿನ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುವ ವಿದ್ಯಾರ್ಥಿಗೆ ಗ್ರಂಥಾಲಯದಲ್ಲಿ ಕೂರುವ ಹೊತ್ತಿಲ್ಲ, ಎರಡನೆಯ ವರ್ಷದವರ ಪರಿಚಯವಿಲ್ಲ. ಅವಳು ಕಾಲೇಜಿಗೆ ಸೇರಿದ್ದಾಳೆ, ಆದರೆ ಊರನ್ನು ಬಿಟ್ಟಿಲ್ಲ. ಮನೆಗೆಲಸ ಹಾಗೆಯೇ ಇದೆ. ಗಂಡುಮಕ್ಕಳಿಗೆ ಹಾಸ್ಟೆಲು ಕೊಟ್ಟದ್ದನ್ನು ಬಸ್ಸು ಹೆಣ್ಣುಮಕ್ಕಳಿಗೆ ಕೊಡಲಾರದು. ಹಾಗೆಂದು ಹಳೆಯ ಹಾಸ್ಟೆಲನ್ನು ಹೊಗಳಿ ಹೊಸ ಕಾಲೇಜನ್ನು ತೆಗಳುವುದು ಸರಿಯಾಗದು. ಆ ಹಾಸ್ಟೆಲಿನ ಬಾಗಿಲಲ್ಲಿ ಅವಳಿಗೆ ಪ್ರವೇಶವೇ ಇರಲಿಲ್ಲ. ಹಾಸ್ಟೆಲಿನಲ್ಲಿ ಜಾಗ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗಾಗಿ ತಿಂಗಳಿಗೆ 1,500 ರೂಪಾಯಿ ನೀಡುವ ‘ವಿದ್ಯಾಸಿರಿ’ 2013-14ರಲ್ಲಿ ಬಂದಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪರಿಚಯ ಕಾರ್ಯಕ್ರಮವನ್ನು ರೂಪಿಸಿ, ಹಿರಿಯರು ಕಿರಿಯರಿಗೆ ಮಾರ್ಗದರ್ಶನ ನೀಡಬೇಕೆಂದು ಕಾಲೇಜುಗಳಿಗೆ ತಿಳಿಸಿತು. ಹಾಸ್ಟೆಲಿನ ಜಗಲಿಯಲ್ಲಿ ತಾನಾಗಿ ನಡೆಯುತ್ತಿದ್ದುದು ಈಗ ಸುತ್ತೋಲೆಯ ವಿಷಯವಾಗಿದೆ.

ಕೊನೆಯದಾಗಿ ರಾವಂದೂರಿನ ಸುತ್ತಣ ಬೇಸಾಯದ ಪಂಚಾಂಗವನ್ನು ಕಾಲೇಜಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. 1984ರಿಂದ ತಂಬಾಕು ಮಂಡಳಿಯ ಹರಾಜು ಪದ್ಧತಿ ಇಲ್ಲಿದೆ; ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದಗಳ ಹರಾಜು ಮಾರುಕಟ್ಟೆಗಳು ಸುತ್ತಲ ಹಳ್ಳಿಗಳ ಹಣದ ಮೂಲ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಮಳೆಗೆ ನಾಟಿ, ಆಷಾಢ ಶ್ರಾವಣಗಳಲ್ಲಿ ಎಲೆ ಮುರಿದು ಬ್ಯಾರನ್ನಿಗೆ ಏರಿಸಿ ಸೌದೆ ಉರಿಸಿ ಹದಗೊಳಿಸುವ ಕೆಲಸ. ಹರಾಜಿನ ದುಡ್ಡು ಕೈಸೇರುವುದು ಸೆಪ್ಟೆಂಬರಿನ ನಂತರ. ಕಾಲೇಜಿನ ಪ್ರವೇಶ ಶುಲ್ಕ, ಪುಸ್ತಕ, ಬಟ್ಟೆ ಇವುಗಳ ಖರ್ಚು ಬರುವುದು ಜೂನ್-ಜುಲೈ ತಿಂಗಳಲ್ಲಿ, ಮನೆಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ. ಆದ್ದರಿಂದ ಮೊದಲ ವರ್ಷ ಅನೇಕ ಮನೆಗಳಲ್ಲಿ ಸಾಲದಿಂದಲೇ ಆರಂಭವಾಗುತ್ತದೆ. ಬ್ಯಾರನ್ನಿನ ಬೆಂಕಿ ಒಂದೇ ಹದದಲ್ಲಿ ಉರಿಯಬೇಕಾದುದರಿಂದ ರಾತ್ರಿಯೆಲ್ಲ ಮನೆಯವರೊಬ್ಬರು ಎಚ್ಚರವಿರಲೇಬೇಕು. ಆ ಸರದಿ ಬಹಳ ಸಲ ಓದುವ ಮಗನದೇ ಆಗಿರುತ್ತದೆ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಮೊದಲ ಆಂತರಿಕ ಪರೀಕ್ಷೆಯೂ ಬ್ಯಾರನ್ನಿನ ಬೆಂಕಿಯೂ ಬಹುಮಟ್ಟಿಗೆ ಒಂದೇ ತಿಂಗಳುಗಳಲ್ಲಿ ಬಂದು ನಿಂತಿವೆ. ಹಾಜರಾತಿ ಪುಸ್ತಕದಲ್ಲಿ ಆ ವಾರಗಳ ಗೈರುಹಾಜರಿಯನ್ನು ಆಲಸ್ಯವೆಂದು ಓದುವ ಅಧ್ಯಾಪಕರಿದ್ದಾರೆ. ಹೊಗೆಸೊಪ್ಪಿನ ವಾಸನೆಯನ್ನು ಗುರುತಿಸಿ, ಪರೀಕ್ಷೆಯ ದಿನವನ್ನು ಒಂದು ವಾರ ಮುಂದೂಡುವವರೂ ಇದ್ದಾರೆ.